ಪೊದೆಯ ಮರೆಯಲ್ಲಿ

ಬೆಳಗಿನ ಚಿಂತನಕ್ಕೆ ಕೂತವರು ಸೂರ್ಯೋದಯದ ಬಗ್ಗೆ, ಹಕ್ಕಿಯ ದನಿಯ ಬಗ್ಗೆ, ಸಜ್ಜನರ ಸಂಗದ ಬಗ್ಗೆ ನಾಲ್ಕು ಮಾತು ಹೇಳುವುದು ರೂಢಿ. ಎದ್ದ ಮನುಷ್ಯ ಇವೆಲ್ಲಕ್ಕಿಂತ ಮೊದಲು ಮಾಡುವ ಕೆಲಸವೊಂದಿದೆ, ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಬಿಡುತ್ತಿರಲಿಲ್ಲ. ನಾಸಿಕ ಜಿಲ್ಲೆಯ ಹರಿಹರ ಗಡ ಹತ್ತಿ ಇಳಿದ ಮೇಲೆ ಸುಮ್ಮನಿರುವುದು ಕಷ್ಟವಾಗಿದೆ.

ತ್ರ್ಯಂಬಕೇಶ್ವರದ ಹತ್ತಿರದ ಈ ಕೋಟೆಗೆ ಹೋಗುವ ದಾರಿಯೆಂದರೆ ಕಡಿದಾದ ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳ ಸಾಲು. ಏಣಿಯಂತೆ ನೆಟ್ಟಗೆ ಮೇಲೇರುತ್ತದೆ. ಹಿಡಿದು ಹತ್ತಲೆಂದು ಎರಡೂ ಬದಿಗೆ ಬೆರಳು ಸಿಕ್ಕಿಸುವಷ್ಟು ಗುಳಿಗಳನ್ನು ಯಾರೋ ಪುಣ್ಯಾತ್ಮರು ಅಂದೇ ಮಾಡಿಟ್ಟಿದ್ದಾರೆ. 1818ರಲ್ಲಿ ಕೋಟೆ ಇಂಗ್ಲಿಷರ ಕೈಸೇರಿತು, ಆಮೇಲೆ ಬಹುಕಾಲ ಅದರ ಸುದ್ದಿ ಯಾರಿಗೂ ಬೇಕಿರಲಿಲ್ಲ. ಈಗ ಮೊಬೈಲಿನ ಪುಟ್ಟ ವಿಡಿಯೊಗಳು ಆ ಮೆಟ್ಟಿಲನ್ನು ಮನೆಮನೆಗೆ ತಲುಪಿಸಿವೆ. ಮಳೆಗಾಲದ ಶನಿವಾರ ರಾತ್ರಿ ಮುಂಬಯಿ, ಪುಣೆಯಲ್ಲಿ ಬಸ್ಸು ಹತ್ತಿದವರು ನಸುಕಿನಲ್ಲಿ ಬೆಟ್ಟದ ಬುಡದ ಹಳ್ಳಿಯಲ್ಲಿ ಇಳಿಯುತ್ತಾರೆ. ರಾತ್ರಿಯಿಡೀ ಕುಲುಕಿದ ಹೊಟ್ಟೆಗೆ ಒಂದು ತಟ್ಟೆ ಪೋಹೆ, ಒಂದು ಲೋಟ ಬಿಸಿ ಚಹಾ ಬೀಳುತ್ತದೆ. ಮುಂದಿನದು ದೇಹಧರ್ಮ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ.

ಆದರೆ ಅದು ಎಲ್ಲಿ ಆಗುತ್ತದೆ ಎನ್ನುವುದನ್ನು ನೋಡಬೇಕು. ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಾಗಾಗಿ ಎಲ್ಲರೂ ಅದಕ್ಕೆ ಮೊದಲಿನ ದಿಣ್ಣೆಯಲ್ಲೋ, ಮೆಟ್ಟಿಲು ಮುಗಿದ ಮೇಲಿನ ಬಯಲಲ್ಲೋ ದಾರಿ ಬಿಡುತ್ತಾರೆ. ದಾರಿಯಿಂದ ನಾಲ್ಕು ಹೆಜ್ಜೆ ಸರಿದರೆ ಗುರುತಿಗೆ ಬಾಟಲಿಗಳಿವೆ. ನಾವು ನೀರು ಬಳಸುವ ಜನವಲ್ಲವೇ, ಒಬ್ಬೊಬ್ಬರಿಗೆ ಅರ್ಧ ಲೀಟರಿನ ಒಂದೊಂದು ಬಾಟಲಿ. ಕೆಲವು ಹುಲ್ಲಿನಲ್ಲಿ ಅಡ್ಡಬಿದ್ದಿವೆ. ಕೆಲವಕ್ಕೆ ಮತ್ತೆ ಜೋಪಾನವಾಗಿ ಮುಚ್ಚಳ ತಿರುಗಿಸಿ, ಕಲ್ಲಿಗೆ ಒರಗಿಸಿ ನಿಲ್ಲಿಸಿದ್ದಾರೆ. ಬಾಟಲಿಯ ಮುಚ್ಚಳ ಹಾಕುವಷ್ಟು ಶಿಸ್ತಿದ್ದವರು ಅದರ ಪಕ್ಕದಲ್ಲಿ ಬಿಟ್ಟುಹೋದದ್ದನ್ನು ಹಾಗೇ ತೆರೆದಿಟ್ಟು ನಡೆದಿದ್ದಾರೆ. ಸುತ್ತ ನೆನೆದು ಮುದ್ದೆಯಾದ ಟಿಶ್ಯೂ ಕಾಗದ, ಮಗುವಿನ ಡೈಪರು. ಮಳೆಗೆ ಕಾಗದ ಕರಗುತ್ತದೆ, ಡೈಪರು ಉಬ್ಬುತ್ತದೆ.

ಇದರಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಕೊಳೆಯಲ್ಲ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮಹಾರಾಷ್ಟ್ರದ ಹಳ್ಳಿಗಳಲ್ಲಿ ‘ಗುಡ್ ಮಾರ್ನಿಂಗ್ ಪಥಕ’ ಎಂಬ ತಂಡಗಳು ಓಡಾಡಲು ಶುರುಮಾಡಿದವು. ನಸುಕಿನಲ್ಲಿ ಅಧಿಕಾರಿಗಳು ಜೀಪಿನಲ್ಲಿ ಬಂದು ಹಳ್ಳಿಯ ಹೊರಗೆ ಕಾಯುವುದು, ತಂಬಿಗೆ ಹಿಡಿದು ಬಯಲಿಗೆ ಹೊರಟವರನ್ನು ತಡೆಯುವುದು. ಮೊದಲು ಕೈಗೊಂದು ಗುಲಾಬಿ ಹೂ, ಕೇಳದಿದ್ದರೆ ದಂಡ, ಕೆಲವೊಮ್ಮೆ ಪೊಲೀಸ್ ಠಾಣೆ. ಮುದುಕಿಯರು ನಾಚಿ ಸೆರಗು ಮುಖಕ್ಕೆಳೆದುಕೊಂಡರು. 2019ರ ಅಕ್ಟೋಬರ್ 2ರಂದು ಗ್ರಾಮೀಣ ಭಾರತ ಬಯಲು ಶೌಚಮುಕ್ತವೆಂಬ ಘೋಷಣೆಯೂ ಆಯಿತು. ಘೋಷಣೆಗೂ ನಿಜಕ್ಕೂ ಇರುವ ದೂರ ಬೇರೆ ಮಾತು, ಹಳ್ಳಿಯ ಜನ ಮಾತ್ರ ಆ ಅವಮಾನ ನುಂಗಿದ್ದು ನಿಜ. ಈಗ ಅದೇ ಹಳ್ಳಿಗಳ ಹಿತ್ತಿಲಿನ ಬೆಟ್ಟಕ್ಕೆ, ಮನೆಯಲ್ಲಿ ಎರಡೆರಡು ಬಾತ್‌ರೂಮು ಇರುವವರು ಭಾನುವಾರ ಭಾನುವಾರ ಬರುತ್ತಾರೆ, ಪೊದೆಯ ಮರೆಗೆ ಹೋಗುತ್ತಾರೆ. ಅವರಿಗೆ ಗುಲಾಬಿ ಕೊಡಲು ಯಾವ ಪಥಕವೂ ಜೀಪು ಹತ್ತಿ ಬರುವುದಿಲ್ಲ.

‘ನಮ್ಮಜ್ಜ ಬಯಲಿಗೇ ಹೋಗುತ್ತಿದ್ದರಪ್ಪ, ಏನಾಯಿತು?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಅಜ್ಜ ಹೋಗುತ್ತಿದ್ದ ಹೊಲದಲ್ಲಿ ಮಣ್ಣಿತ್ತು, ಬಿಸಿಲಿತ್ತು, ಸಗಣಿಹುಳುಗಳ ಸೈನ್ಯವಿತ್ತು. ಊರಿನ ಹತ್ತಾರು ಜನರದನ್ನು ಇವು ಮೂರೂ ಸೇರಿ ಹೇಗೋ ಅರಗಿಸುತ್ತಿದ್ದವು. ಆಗಲೂ ಪೂರ್ತಿ ಅರಗುತ್ತಿರಲಿಲ್ಲ ಎನ್ನುವುದಕ್ಕೆ ಊರೂರನ್ನು ಗುಡಿಸಿಹಾಕಿದ ಕಾಲರಾ ಸಾಕ್ಷಿ. ನಾಸಿಕದ ಗಡಗಳ ನೆತ್ತಿ ಹೊಲವಲ್ಲ. ಲಾವಾ ಹರಿದು ಹೆಪ್ಪುಗಟ್ಟಿದ ಕರಿಕಲ್ಲು ಅದು, ಮೇಲೆ ಗೇಣು ಮಣ್ಣಿದ್ದರೆ ಹೆಚ್ಚು. ಬೆಟ್ಟ ಹತ್ತುವವರಿಗೆ ಎಲ್ಲೆಡೆ ಹೇಳಿಕೊಡುವ ಪಾಠವೊಂದಿದೆ: ನೀರಿನಿಂದ, ದಾರಿಯಿಂದ ಅರವತ್ತು ಎಪ್ಪತ್ತು ಮೀಟರು ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ, ಕೆಲಸ ಮುಗಿಸಿ ಮುಚ್ಚಿ. ಇಲ್ಲಿ ಸಲಿಕೆ ಎರಡು ಬೆರಳು ಇಳಿಯುವುದರೊಳಗೆ ಬಂಡೆಗೆ ತಾಗಿ ಖಣ್ ಎನ್ನುತ್ತದೆ. ಅದೂ ಅಲ್ಲದೆ ಜನ ಬರುವುದು ಮಳೆಗಾಲದಲ್ಲಿ. ಒಣಗಿಸುವ ಬಿಸಿಲಿಲ್ಲ, ತೊಳೆದೊಯ್ಯುವ ನೀರು ಮಾತ್ರ ಇದೆ.

ಆ ನೀರು ಎಲ್ಲಿಗೆ ಹೋಗುತ್ತದೆ? ಗಡದ ಮೇಲೆ ಬಂಡೆ ಕೊರೆದು ಮಾಡಿದ ದೊಣೆಗಳಿವೆ. ಇವಕ್ಕೆ ಊಟೆಯಿಲ್ಲ, ಕಾಲುವೆಯಿಲ್ಲ. ಸುತ್ತಲಿನ ನೆತ್ತಿಯ ಮೇಲೆ ಬಿದ್ದ ಮಳೆ ಇಳಿಜಾರು ಹಿಡಿದು ಹರಿದು ಬಂದು ತುಂಬಬೇಕು. ಎಂದರೆ ಆ ಬಯಲಿನ ಮೇಲೆ ಏನೇನು ಬಿದ್ದಿದೆಯೋ ಅದೂ ದೊಣೆಗೇ ಬರುತ್ತದೆ. ಬೇಸಿಗೆಯಲ್ಲಿ ದನ ಕಾಯುವವರು, ಮೇಲೆ ರಾತ್ರಿ ಉಳಿಯುವವರು ಕುಡಿಯುವುದು ಅದೇ ನೀರನ್ನು. ಕಾಮಾಲೆ, ಟೈಫಾಯಿಡ್ ಹೀಗೆಯೇ ಬರುತ್ತವೆ. ಜಂತುಹುಳದ ಮೊಟ್ಟೆಯಂತೂ ಮಣ್ಣಿನಲ್ಲಿ ವರ್ಷಗಟ್ಟಲೆ ಸಾಯುವುದಿಲ್ಲ.

ಉಳಿದ ನೀರು ಕೆಳಗಿಳಿಯುತ್ತದೆ. ತ್ರ್ಯಂಬಕದ ಬೆಟ್ಟಸಾಲಿನ ಒಂದು ಮಗ್ಗುಲಿನ ನೀರು ಗೋದಾವರಿ, ಇನ್ನೊಂದು ಮಗ್ಗುಲಿನದು ವೈತರಣಾ. ವೈತರಣಾ ಮುಂಬಯಿಯ ನಲ್ಲಿಗೆ ಹೋಗುತ್ತದೆ. ಪುರಾಣದ ಆ ಹೆಸರಿನ ನದಿಯಲ್ಲಿ ಏನೇನು ಹರಿಯುತ್ತದೆಂದು ಗರುಡಪುರಾಣ ಕೇಳಿದವರಿಗೆ ನಾನು ಹೇಳಬೇಕಿಲ್ಲ. ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ ಹುಟ್ಟಿದ ಗೋದಾವರಿ ನಾಸಿಕದ ರಾಮಕುಂಡ ದಾಟಿ ಪೈಠಣದಲ್ಲಿ ಜಾಯಕವಾಡಿ ಅಣೆಕಟ್ಟಿನ ಹಿಂದೆ ನಿಲ್ಲುತ್ತಾಳೆ. ಛತ್ರಪತಿ ಸಂಭಾಜಿನಗರದ ಜನ ಕುಡಿಯುವುದು ಅಲ್ಲಿಂದ. ಅಷ್ಟು ದೊಡ್ಡ ನೀರಿನಲ್ಲಿ ಚಾರಣಿಗರ ಪಾಲು ಲೆಕ್ಕಕ್ಕಿಲ್ಲದ್ದು, ದಾರಿಯ ಊರುಗಳ ಚರಂಡಿಯದೇ ಸಿಂಹಪಾಲು ಎನ್ನುವುದನ್ನು ಒಪ್ಪಬೇಕು. ದೊಡ್ಡ ಊರಿನಲ್ಲಿ ನೀರು ಶುದ್ಧ ಮಾಡುವ ಘಟಕವೂ ಇದೆ. ದೊಣೆಗೆ ಅದಿಲ್ಲ, ಬೆಟ್ಟದ ಬುಡದ ಒರತೆಗೂ ಇಲ್ಲ.

ಈ ಬೆಟ್ಟಗಳಲ್ಲಿ ಹಿಂದೆ ಮನೆ ಮಾಡಿದವರು ಇದನ್ನೆಲ್ಲ ಯೋಚಿಸಿದ್ದರು. ನಾಸಿಕದ ಪಾಂಡವ ಲೇಣಿ ಎಂಬ ಗುಹೆಗಳಿರುವುದು ತ್ರಿರಶ್ಮಿ ಬೆಟ್ಟದಲ್ಲಿ. ಕ್ಷತ್ರಪ ದೊರೆ ನಹಪಾನನ ಅಳಿಯ ಉಷವದಾತ ಅಲ್ಲಿ ಬರೆಸಿದ ಶಾಸನ ಗುಹೆಯ ಜೊತೆಗೆ ನೀರಿನ ತೊಟ್ಟಿಗಳನ್ನೂ ಮಾಡಿಸಿದ್ದನ್ನು ಹೇಳುತ್ತದೆ. ಅಲ್ಲಿ, ಅಜಂತಾದಲ್ಲಿ, ಎಲ್ಲೋರಾದ ಬೌದ್ಧ ಗುಹೆಗಳಲ್ಲಿ ಇದ್ದವರು ಭಿಕ್ಷುಗಳು. ವಿನಯ ಎಂಬ ಅವರ ಸಂಘದ ಶಿಸ್ತಿನ ನಿಯಮಗಳಲ್ಲಿ ಹಸಿರಿನ ಮೇಲೆ, ನೀರಿನಲ್ಲಿ ಮಲಮೂತ್ರ ಮಾಡಬಾರದೆಂದು ಸ್ಪಷ್ಟವಾಗಿದೆ, ಕಾಯಿಲೆಯವರಿಗೆ ಮಾತ್ರ ವಿನಾಯಿತಿ. ಪಾಲಿ ವಿನಯದ ಚುಲ್ಲವಗ್ಗದಲ್ಲಿ ಕಕ್ಕಸಿಗೆ ಹೋಗುವ ರೀತಿಗೇ ಒಂದು ಭಾಗವಿದೆ. ಓದಿದರೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ಹಿರಿಯ ಕಿರಿಯ ಎಂದಿಲ್ಲ, ಬಂದ ಸರದಿಯಲ್ಲಿ ಹೋಗಬೇಕು. ಹೊರಗೆ ನಿಂತು ಕೆಮ್ಮಬೇಕು, ಒಳಗಿದ್ದವರೂ ಕೆಮ್ಮಬೇಕು. ಮೈಮೇಲಿನ ಬಟ್ಟೆ ಚೀವರವನ್ನು ಗಳುವಿನ ಮೇಲೋ ಹಗ್ಗದ ಮೇಲೋ ಹಾಕಿ ಹೋಗಬೇಕು. ಕೂತಲ್ಲಿ ಮುಲುಗಬಾರದು, ಹಲ್ಲುಕಡ್ಡಿ ಅಗಿಯುತ್ತ ಕೂರಬಾರದು. ಒರೆಸಿ ಹಾಕಿದ ಕಡ್ಡಿಗಳ ಬುಟ್ಟಿ ತುಂಬಿದ್ದರೆ ಕಂಡವರೇ ಚೆಲ್ಲಬೇಕು. ಜಾಗ ಹೊಲಸಾಗಿದ್ದರೆ ತೊಳೆಯಬೇಕು, ತೊಟ್ಟಿಯಲ್ಲಿ ನೀರಿಲ್ಲದಿದ್ದರೆ ತುಂಬಿಸಬೇಕು. ಹೊಲಸು ಮಾಡಿದವರು ಯಾರೆಂಬ ವಿಚಾರಣೆ ಅಲ್ಲಿಲ್ಲ. ನಿರ್ವಾಣದ ಹಾದಿ ಹಿಡಿದವರಿಗೆ ಕಕ್ಕಸಿನ ಬುಟ್ಟಿ ಚಿಲ್ಲರೆ ವಿಷಯ ಅನ್ನಿಸಲಿಲ್ಲ.

ಗಡಗಳ ಕಾಲಕ್ಕೆ ಬಂದರೂ ಹೀಗೆಯೇ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ರಾಮಚಂದ್ರಪಂತ ಅಮಾತ್ಯರು ಬರೆದ ‘ಆಜ್ಞಾಪತ್ರ’ ಮರಾಠರ ರಾಜನೀತಿಯ ಕೈಪಿಡಿ. ಕೋಟೆಯ ದಾರಿಗಳಲ್ಲಿ ಕಸ ಬೀಳಬಾರದು, ಗುಡಿಸಿದ ಕಸವನ್ನು ಕೋಟೆಯ ಕೆಳಗೆ ತಳ್ಳಬಾರದು, ಅಲ್ಲಲ್ಲೇ ಸುಟ್ಟು ಬೂದಿಯನ್ನು ಹಿತ್ತಿಲಿನ ಸೊಪ್ಪು ತರಕಾರಿಗೆ ಹಾಕಬೇಕು ಎಂದು ಅದರಲ್ಲಿದೆ. ಕೆಳಗೆ ತಳ್ಳಬಾರದು ಎಂಬ ಮಾತನ್ನು ಗಮನಿಸಬೇಕು. ಕೆಳಗೂ ಜನರಿದ್ದಾರೆಂದು ಅಮಾತ್ಯರಿಗೆ ನೆನಪಿತ್ತು. ನಾಸಿಕ ಜಿಲ್ಲೆಯದೇ ಆದ ಸಾಲ್ಹೇರ್ ಕೋಟೆ 2025ರಲ್ಲಿ ಮರಾಠರ ಇನ್ನೂ ಹನ್ನೊಂದು ಕೋಟೆಗಳೊಂದಿಗೆ ಯುನೆಸ್ಕೋ ಪಟ್ಟಿ ಸೇರಿದೆ. ಹೆಮ್ಮೆಯ ಜೊತೆ ಜನಜಂಗುಳಿಯೂ ಬರುತ್ತದೆ.

ಚಾರಣಿಗರನ್ನೇ ಬೈದು ಮುಗಿಸುವುದು ಅನ್ಯಾಯ. ಶ್ರಾವಣದ ಮೂರನೆಯ ಸೋಮವಾರ ಬ್ರಹ್ಮಗಿರಿಯ ಪ್ರದಕ್ಷಿಣೆಗೆ ಲಕ್ಷಾಂತರ ಜನ ರಾತ್ರಿಯಿಡೀ ಬರಿಗಾಲಲ್ಲಿ ನಡೆಯುತ್ತಾರೆ. ಶ್ರಾವಣ ಶನಿವಾರಗಳಂದು ಸಂಭಾಜಿನಗರದಿಂದ ದೌಲತಾಬಾದಿನ ಘಾಟಿ ಹತ್ತಿ ಖುಲ್ತಾಬಾದಿನ ಭದ್ರಾ ಮಾರುತಿಯ ದರ್ಶನಕ್ಕೆ ಹೋಗುವವರದೂ ಕಾಲ್ನಡಿಗೆಯೇ. ಭಕ್ತಿಯಿಂದ ನಡೆದರೂ ಹೊಟ್ಟೆ ಕೇಳುವುದಿಲ್ಲ. 2027ರ ಕುಂಭಮೇಳಕ್ಕೆ ನಾಸಿಕ, ತ್ರ್ಯಂಬಕದ ಘಾಟುಗಳ ಬಳಿ ಶೌಚಾಲಯಗಳ ಸಾಲು ಎದ್ದೇಳುತ್ತದೆ. ಸ್ನಾನ ಮುಗಿಸಿ ಬೆಟ್ಟದತ್ತ ನಡೆಯುವವರ ದಾರಿಗೆ ಆ ಸಾಲು ಎಷ್ಟು ದೂರ ಬರುತ್ತದೋ ನೋಡಬೇಕು.

ಇಂಥ ಯಾತ್ರಿಕರಿಗೆಂದೇ ನಾಸಿಕದಲ್ಲಿ ಗಾಡಗೇ ಮಹಾರಾಜರು ಕಟ್ಟಿಸಿದ ಧರ್ಮಶಾಲೆಯಿದೆ. 1876ರಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡ ಈ ಸಂತರು ಅಗಸರ ಮನೆಯವರು. ಊರಿಗೆ ಬಂದರೆ ಮೊದಲು ಕೈಗೆ ಪೊರಕೆ. ಹಗಲೆಲ್ಲ ಬೀದಿ ಚರಂಡಿ ಗುಡಿಸಿ, ರಾತ್ರಿ ಕೀರ್ತನೆಗೆ ನಿಲ್ಲುತ್ತಿದ್ದರು. ಯಾತ್ರಿಕರಿಗೆ ತಂಗುದಾಣವಿಲ್ಲದೆ ಊರು ಶುಚಿಯಾಗಿರುವುದಿಲ್ಲ ಎಂದು ತಿಳಿದೇ ಧರ್ಮಶಾಲೆಗಳನ್ನು ಕಟ್ಟಿಸಿದರೆನ್ನಿಸುತ್ತದೆ. ಉಪದೇಶ ಮಾಡುವವರಲ್ಲಿ ಹೀಗೆ ಗುಡಿಸುವುದು, ಕಟ್ಟಿಸುವುದು ಎರಡನ್ನೂ ಮಾಡಿದವರು ಕಡಿಮೆ.

ಚಾರಣಕ್ಕೆ ಬರುವ ಹೆಂಗಸರ ಕಷ್ಟ ಬೇರೆಯೇ. ಬೋಳು ನೆತ್ತಿಯಲ್ಲಿ ಮರೆ ಎಲ್ಲಿದೆ? ಬೆಳಗಿನಿಂದ ನೀರೇ ಕುಡಿಯದೆ ಬೆಟ್ಟ ಹತ್ತಿ, ಮಧ್ಯಾಹ್ನಕ್ಕೆ ತಲೆನೋವು, ಮರುದಿನ ಉರಿಮೂತ್ರ ಅನುಭವಿಸುವವರನ್ನು ನೋಡಿದ್ದೇನೆ. ಗುಂಪು ಕರೆದೊಯ್ಯುವ ಹುಡುಗರು ಹಗ್ಗ, ಶಿಳ್ಳೆ, ಗ್ಲುಕೋಸ್ ಎಲ್ಲ ಒಯ್ಯುತ್ತಾರೆ. ಮಡಚುವ ಒಂದು ಪರದೆಯನ್ನೂ ಒಯ್ದರೆ ಚೀಲಕ್ಕೆ ಭಾರವಾಗದು.

ಬೇರೆ ಕಡೆ ಏನು ಮಾಡುತ್ತಾರೆ? ಅಮೆರಿಕದ ಮೌಂಟ್ ವಿಟ್ನಿ ಶಿಖರದ ದಾರಿಯಲ್ಲಿದ್ದ ಶೌಚಾಲಯಗಳನ್ನೇ ತೆಗೆದುಹಾಕಿ, ಹತ್ತುವವರ ಕೈಗೆ ಚೀಲ ಕೊಟ್ಟರು. ನಿಮ್ಮದನ್ನು ನೀವೇ ಕೆಳಗೆ ತನ್ನಿ ಎಂದರು. 2024ರಲ್ಲಿ ಎವರೆಸ್ಟಿನ ಸ್ಥಳೀಯ ಆಡಳಿತವೂ ಇದೇ ನಿಯಮ ತಂದಿತು. ನಮ್ಮ ಕರ್ನಾಟಕದಲ್ಲಿ ಅದೇ ವರ್ಷದ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಮಾಡಿ ಸಂಖ್ಯೆಗೆ ಮಿತಿ ಹಾಕಿತು. ಒಳ್ಳೆಯದೇ. ಆದರೆ ಬುಕಿಂಗ್ ಮಾಡಿದವರಿಗೂ ಬೆಳಗಾಗುತ್ತದೆ.

ಚೀಲದ ಮಾತು ಎತ್ತಿದರೆ ನಮ್ಮವರು ಮುಖ ಸಿಂಡರಿಸುತ್ತಾರೆ. ‘ಥೂ, ಅದನ್ನು ಬೆನ್ನಿಗೆ ಹಾಕಿಕೊಂಡು ನಡೆಯುವುದೇ?’ ಆ ‘ಥೂ’ ಮೈಲಿಗೆಯದು, ಆರೋಗ್ಯದ್ದಲ್ಲ. ಈ ದೇಶದಲ್ಲಿ ಅದನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ನಡೆದವರಿದ್ದಾರೆ, ಮಳೆಯಲ್ಲಿ ಅದು ಮುಖದ ಮೇಲೆ ಸೋರುವಾಗಲೂ ನಡೆದಿದ್ದಾರೆ. ಹೊತ್ತದ್ದು ಬೇರೆಯವರದನ್ನು, ಹುಟ್ಟಿದ ಜಾತಿಯ ಕಾರಣಕ್ಕೆ. ಕೊಂಕಣದ ಅಪ್ಪಾಸಾಹೇಬ ಪಟವರ್ಧನರು ಈ ಹೊರೆ ಇಳಿಸಲೆಂದೇ ಗೊಬ್ಬರವಾಗುವ ‘ಗೋಪುರಿ’ ಕಕ್ಕಸು ರೂಪಿಸಿದರು. ಮಲ ಹೊರಿಸುವುದನ್ನು ಪೂರ್ತಿ ನಿಷೇಧಿಸುವ ಕಾನೂನು 2013ರಲ್ಲಿ ಮತ್ತೆ ಬಿಗಿಯಾಗಬೇಕಾಯಿತು. ಬೇರೆಯವರು ಹೊತ್ತಾಗ ಬಾರದ ‘ಥೂ’ ನಮ್ಮದನ್ನು ನಾವು ಹೊರಬೇಕಾದಾಗ ಏಕೆ ಬರುತ್ತದೆ ಎಂದು ಒಂದು ಬೆಳಿಗ್ಗೆ ಕೂತು ಯೋಚಿಸುವಂಥದ್ದೇ.

ಹಾಗಾಗಿ ಬೆಟ್ಟಕ್ಕೆ ಹೊರಡುವವರಿಗೆ ಹೇಳುವುದು ಸರಳ. ಬುಡದ ಹಳ್ಳಿಯಲ್ಲಿ ಪೋಹೆ ಮಾಡಿಕೊಡುವ ಮನೆಯ ಶೌಚಾಲಯವನ್ನು ಕೇಳಿ ಬಳಸಿ, ಅದಕ್ಕೂ ಹಣ ಕೊಡಿ. ಚಹಾದ ಮೇಲೆ ಅರ್ಧ ಗಂಟೆ ಕಾಯಿರಿ, ಸೂರ್ಯ ಎಲ್ಲಿಗೂ ಓಡಿಹೋಗುವುದಿಲ್ಲ. ದಾರಿಯಲ್ಲಿ ಅವಸರವಾದರೆ, ಮಣ್ಣಿರುವ ಕಡೆ ನೀರಿನಿಂದ ದೂರ ತೋಡಿ ಮುಚ್ಚಿ. ಬರೀ ಬಂಡೆಯಾದರೆ ಬಿಗಿಯಾದ ಮುಚ್ಚಳದ ಒಂದು ಡಬ್ಬಿ, ಒಳಗೆ ಒಂದು ಕಾಗದದ ಪೊಟ್ಟಣ ಸಾಕು. ಕೆಳಗೆ ತಂದ ಮೇಲೆ ಹಳ್ಳಿಯ ಕಸದ ತೊಟ್ಟಿಗೆ, ನಗರದ ಕಸದ ಗಾಡಿಗೆ ಅದನ್ನು ಹಾಕಬಾರದು. ಹಾಕಿದರೆ ಒಣಕಸ ಹಸಿಕಸ ಬೇರೆ ಮಾಡುವ ಹೆಂಗಸಿನ ಬರಿಗೈಗೆ ಅದು ಸಿಗುತ್ತದೆ, ಹಳೆಯ ಬುಟ್ಟಿಯೇ ಇನ್ನೊಂದು ದಾರಿಯಿಂದ ಅವಳ ತಲೆಗೆ ಬಂದಂತೆ. ಡಬ್ಬಿಯಲ್ಲಿದ್ದುದು ಮನೆಯ ಕಕ್ಕಸಿಗೆ ಹೋಗಬೇಕು, ಪೊಟ್ಟಣದ ಕಾಗದ ಹಿತ್ತಿಲ ಮಣ್ಣಿಗೆ. ಖಾಲಿ ಡಬ್ಬಿಯನ್ನು ಫಿನಾಯಿಲ್ ಹಾಕಿ ಅವತ್ತೇ ರಾತ್ರಿ ನಾವೇ ತೊಳೆದಿಡಬೇಕು. ಸೋಮವಾರ ಬೆಳಿಗ್ಗೆ ಬರುವ ಕೆಲಸದಾಕೆಗೆಂದು ಬಚ್ಚಲಲ್ಲಿ ಬಿಡುವುದಲ್ಲ.