ಬಲ ಯಾರದು, ಕೆಲಸ ಯಾರದು?

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಲ್ಲಿ, ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಾಲಯದಲ್ಲಿ ಉಳಿ ಹಿಡಿದವನು ರೂವಾರಿ ಮಲ್ಲಿತಮ್ಮ. 1196ರ ಅಮೃತಾಪುರದ ದೇವಾಲಯದಲ್ಲಿ ಶುರುವಾದ ಅವನ ಕಸುಬು ಸೋಮನಾಥಪುರದವರೆಗೆ, ಅರವತ್ತು ವರ್ಷಕ್ಕೂ ಮೀರಿ ನಡೆಯಿತು. ಸೋಮನಾಥಪುರದ ಸುಮಾರು 40 ಶಿಲ್ಪಗಳಲ್ಲಿ ಅವನ ರುಜು ಇದೆ. ಕೆಲವಕ್ಕೆ ‘ಮಲ್ಲಿ’ ಎಂದಷ್ಟೇ ಕೊರೆದ. ಇನ್ನು ಕೆಲವಕ್ಕೆ ಬರೀ ‘ಮ’. ಅಲಂಕಾರದ ಸೂಕ್ಷ್ಮ ಕೆತ್ತನೆ ಅವನಿಗೆ ಒಲಿದ ವಿದ್ಯೆ, ಸಿಕ್ಕಿದ್ದೂ ಅದೇ ಕೆಲಸ.

ಒಲಿದ ವಿದ್ಯೆಯೂ ಮಾಡುವ ಕೆಲಸವೂ ಹೀಗೆ ಒಂದಾಗಲಿ ಎಂಬುದೇ ಇಂದಿನ ಕಂಪನಿಗಳ ಬಯಕೆ. ಅಮೆರಿಕದ ಗ್ಯಾಲಪ್ ಸಂಸ್ಥೆಯ ಡೊನಾಲ್ಡ್ ಕ್ಲಿಫ್ಟನ್ ಒಬ್ಬೊಬ್ಬರ ಸಾಮರ್ಥ್ಯ ಪತ್ತೆಹಚ್ಚಲು ಪ್ರಶ್ನಾವಳಿ ರೂಪಿಸಿದರು. 2004ರಲ್ಲಿ ಮನೋವಿಜ್ಞಾನಿಗಳಾದ ಪೀಟರ್ಸನ್ ಮತ್ತು ಸೆಲಿಗ್ಮನ್ ಮನುಷ್ಯನ 24 ಗುಣಬಲಗಳನ್ನು ಪಟ್ಟಿ ಮಾಡಿದರು. ಮರುವರ್ಷ ಪ್ರಕಟವಾದ ಅವರ ಪ್ರಯೋಗದಲ್ಲಿ, ತಮ್ಮ ಮುಖ್ಯ ಬಲವನ್ನು ಒಂದು ವಾರ ದಿನವೂ ಹೊಸ ರೀತಿಯಲ್ಲಿ ಬಳಸಿದವರ ಸಂತೋಷ ಆರು ತಿಂಗಳಾದರೂ ಹೆಚ್ಚಿಯೇ ಇತ್ತು. ಗಮನಿಸಿ, ಅಲ್ಲಿ ಅಳೆದದ್ದು ಸಂತೋಷವನ್ನು; ಉತ್ಪಾದನೆಯನ್ನಲ್ಲ. ಮ್ಯಾನೇಜರುಗಳು ಇದನ್ನು ಸಲೀಸಾಗಿ ಮರೆಯುತ್ತಾರೆ.

ಯಾರಿಗೆ ಯಾವ ಕೆಲಸ ಎಂಬ ಪ್ರಶ್ನೆ ನಮ್ಮಲ್ಲಿ ಹಳೆಯದು, ತೊಡಕಿನದೂ ಹೌದು. ಭಗವದ್ಗೀತೆಯ 18ನೇ ಅಧ್ಯಾಯ ಕರ್ಮವನ್ನು ಸ್ವಭಾವಕ್ಕೆ ಕಟ್ಟುತ್ತದೆ. ಆದರೆ ಸ್ವಭಾವವನ್ನು ತೀರ್ಮಾನಿಸುವವರು ಯಾರು? ಸಮಾಜ ಹುಟ್ಟನ್ನೇ ಸ್ವಭಾವವೆಂದು ಕರೆದು ಕೈತೊಳೆದುಕೊಂಡಿತು. ಮಗುವಿನ ಕೈಗೆ ಏನು ಒಲಿದಿದೆ ಎಂದು ಯಾರೂ ನೋಡಲಿಲ್ಲ.

12ನೇ ಶತಮಾನದ ಶರಣರು ಪ್ರಶ್ನೆಯನ್ನೇ ಬದಲಿಸಿದರು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ತಮ್ಮ ಕಸುಬನ್ನೇ ಹೆಸರಿನಲ್ಲಿ ಹೊತ್ತರು. ಕಾಯಕದಲ್ಲಿ ಮೇಲುಕೀಳಿಲ್ಲ ಎಂದರು; ದುಡಿಮೆಯ ಫಲ ದಾಸೋಹಕ್ಕೆ ಸಲ್ಲಬೇಕೆಂದರು. ಆಯ್ದಕ್ಕಿ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದ ಕಥೆ ಪ್ರಸಿದ್ಧ. ಈ ವರ್ಷದ ಟಾರ್ಗೆಟ್ ಮೀರಿದವನಿಗೆ ಬರುವ ವರ್ಷ ಇನ್ನೂ ದೊಡ್ಡ ಟಾರ್ಗೆಟ್ ಕೊಡುವ ಕಚೇರಿಯಲ್ಲಿ ಲಕ್ಕಮ್ಮನಿಗೆ ಕೆಲಸ ಸಿಗುವುದು ಕಷ್ಟ!

ಎಲ್ಲರಿಗೂ ಮಲ್ಲಿತಮ್ಮನ ಅದೃಷ್ಟವಿರುವುದಿಲ್ಲ. ಗೋವಿಂದನಹಳ್ಳಿಗೆ ಸಮೀಪದ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕವಿ ಕೆ.ಎಸ್. ನರಸಿಂಹಸ್ವಾಮಿ ಹೊಟ್ಟೆಪಾಡಿಗೆ ಸರ್ಕಾರಿ ಗುಮಾಸ್ತರಾದರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕವಿ ಪು.ತಿ.ನ. ಸೇನಾ ಕಚೇರಿಯಲ್ಲಿ ದುಡಿದರು. ಇಬ್ಬರ ದೊಡ್ಡ ಬಲ ಕಡತಕ್ಕೆ ಬೇಕಾಗಿರಲಿಲ್ಲ. ಇವರು ಬಲವನ್ನು ಪೋಲು ಮಾಡಿದರು ಎನ್ನಲಾದೀತೇ? ಪ್ರಶ್ನಾವಳಿಯ ಲೆಕ್ಕದಲ್ಲಿ ಹೌದು, ಕನ್ನಡದ ಲೆಕ್ಕದಲ್ಲಿ ಅಲ್ಲ. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಹೊರಬಂದದ್ದು 1942ರಲ್ಲಿ, ಕವಿ ನೌಕರಿಯಲ್ಲಿದ್ದಾಗಲೇ.

ಹಾಗೆಂದು ಯಾರನ್ನು ಎಲ್ಲಿ ಬೇಕಾದರೂ ಕೂರಿಸಬಹುದೆಂದಲ್ಲ. ಮಾತುಗಾರನನ್ನು ಲೆಕ್ಕಪತ್ರದ ಮುಂದೆ, ಲೆಕ್ಕದವಳನ್ನು ಗಿರಾಕಿಗಳ ಮುಂದೆ ನಿಲ್ಲಿಸಿದರೆ ಇಬ್ಬರೂ ಸೊರಗುತ್ತಾರೆ, ಕಂಪನಿಗೂ ನಷ್ಟ. ಒಲಿದ ಕೆಲಸ ಕೊಡುವುದು ಮೇಲಧಿಕಾರಿಯ ಹೊಣೆ. ಆದರೆ ನೌಕರನ ಬಲವೆಲ್ಲ ತನಗೇ ಸಲ್ಲಬೇಕೆಂದು ಕೇಳುವ ಹಕ್ಕು ಸಂಬಳ ಕೊಡುವವನಿಗಿಲ್ಲ. ಸಿಬ್ಬಂದಿಗೆ ಪ್ರಶ್ನಾವಳಿ ಹಂಚುವವರು ಅವರ ಸಂಜೆಯನ್ನೂ ಭಾನುವಾರವನ್ನೂ ಅವರಿಗೇ ಬಿಡಲಿ.