ಅಗಲಬಾಯಿಯ ಕೊಡ

ದುಬೈಯಲ್ಲಿ ನೆಲೆಸಿದ ವಿದೇಶಿ ಕುಟುಂಬಕ್ಕೆ ಮಕ್ಕಳನ್ನು ಓದಿಸಲು ಖಾಸಗಿ ಶಾಲೆ ಬಿಟ್ಟರೆ ಬೇರೆ ದಾರಿ ಹೆಚ್ಚುಕಡಿಮೆ ಇಲ್ಲ. ಅಲ್ಲಿನ ಸರ್ಕಾರಿ ಶಾಲೆಗಳು ಅರಬ್ಬಿ ಮಾಧ್ಯಮದವು, ಮುಖ್ಯವಾಗಿ ಆ ದೇಶದ ಪ್ರಜೆಗಳ ಮಕ್ಕಳಿಗೆಂದೇ ಇರುವಂಥವು. ಊರಿನ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನಿಂದ ಬಂದವರೇ ಆದ್ದರಿಂದ 220ಕ್ಕೂ ಹೆಚ್ಚು ಖಾಸಗಿ ಶಾಲೆಗಳು ಬೆಳೆದು ನಿಂತಿವೆ. ಭಾರತೀಯ, ಬ್ರಿಟಿಷ್, ಅಮೆರಿಕನ್, ಐಬಿ ಎಂದು ಪಠ್ಯಕ್ರಮಗಳು ಹಲವು. 2006ರಲ್ಲಿ ಹುಟ್ಟಿದ ಕೆಎಚ್‌ಡಿಎ ಎಂಬ ಪ್ರಾಧಿಕಾರ, 2008ರಿಂದ ಈ ಶಾಲೆಗಳ ತಪಾಸಣೆ ನಡೆಸಿ, 'ಅತ್ಯುತ್ತಮ'ದಿಂದ ಕೆಳಗಿನವರೆಗೆ ದರ್ಜೆ ಕೊಡುವ ಪದ್ಧತಿ ತಂದಿತು. ಫೀಸು ಏರಿಸುವ ಅವಕಾಶವನ್ನೂ ಈ ದರ್ಜೆಗೇ ಗಂಟುಹಾಕಲಾಯಿತು. ಹೀಗಾಗಿ ಶಾಲೆ ಒಳ್ಳೆಯದೋ ಅಲ್ಲವೋ ಎಂಬ ಮಾತು ಬಾಯಿಂದ ಬಾಯಿಗೆ ಹರಿಯುವ ಸುದ್ದಿಯಾಗಿ ಉಳಿಯದೆ ಎಲ್ಲರೂ ಓದಬಲ್ಲ ವರದಿಯಾಯಿತು. ಒಳ್ಳೆಯದಕ್ಕೆ ಬೆಲೆಯೂ ನಿಗದಿಯಾಯಿತು.

ಸೀಟು ಹಿಡಿಯುವ ಕೆಲಸ ಮಗುವಿಗೆ ಮೂರು ವರ್ಷ ತುಂಬುವ ಹೊತ್ತಿಗೇ ಶುರುವಾಗುತ್ತದೆ. ಎಮಿರೇಟ್ಸ್ ಐಡಿ, ವೀಸಾ ಪ್ರತಿ, ಲಸಿಕೆಯ ಪುಸ್ತಕ, ದೊಡ್ಡ ಮಕ್ಕಳಾದರೆ ಹಿಂದಿನ ಶಾಲೆಯ ಟಿಸಿ ಒಪ್ಪಿಸಬೇಕು. ಆಮೇಲೆ 'ಅಸೆಸ್‌ಮೆಂಟ್'. ಗೊತ್ತಿಲ್ಲದ ಕೋಣೆಯಲ್ಲಿ, ಗೊತ್ತಿಲ್ಲದ ಟೀಚರ್ ಮುಂದೆ ಪುಟ್ಟ ಕುರ್ಚಿಯಲ್ಲಿ ಕೂತ ಮಗು ಬಣ್ಣದ ಹೆಸರು ಹೇಳಬೇಕು, ಕ್ರೇಯಾನ್ ಹಿಡಿದು ಗೆರೆ ಎಳೆಯಬೇಕು, ಅಮ್ಮ ಬಾಗಿಲಾಚೆ ಹೋದರೆ ಅಳಬಾರದು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡುವ ಮಗು 'ರೆಡ್' ಅನ್ನುವ ಬದಲು 'ಕೆಂಪು' ಅಂದುಬಿಟ್ಟರೆ ಅದಕ್ಕೆ ಬಣ್ಣ ಗೊತ್ತಿದೆಯೋ ಇಲ್ಲವೋ ಎಂಬುದನ್ನು ಎದುರಿಗೆ ಕೂತವರು ಹೇಗೆ ತೀರ್ಮಾನಿಸಬೇಕು? ಅಬುಧಾಬಿಯಲ್ಲಿ ಬೇಡಿಕೆ ಹೆಚ್ಚಿರುವ ಭಾರತೀಯ ಶಾಲೆಯೊಂದು ಕೆಜಿ ಸೀಟುಗಳನ್ನು ಚೀಟಿ ಎತ್ತಿ ಹಂಚಿದ್ದುಂಟು. ಚೀಟಿಗೆ ಮಗುವಿನ ಭಾಷೆಯೂ ಗೊತ್ತಿಲ್ಲ, ಅಪ್ಪನ ಹುದ್ದೆಯೂ ಗೊತ್ತಿಲ್ಲ. ನ್ಯಾಯದ ದೃಷ್ಟಿಯಿಂದ ಅಸೆಸ್‌ಮೆಂಟಿಗಿಂತ ಅದೇ ಮೇಲು.

ಸೀಟಿಗಾಗಿ ನಡೆಯುವ ಈ ಪೈಪೋಟಿಯ ಹಿಂದಿರುವ ಪ್ರಶ್ನೆ ಬಹಳ ಹಳೆಯದು. ತನ್ನದು ಎಂಬ ಒಂದೇ ಕಾರಣಕ್ಕೆ ತಂದೆತಾಯಿ ಒಂದು ಮಗುವನ್ನು ಬೇರೆ ಮಕ್ಕಳಿಗಿಂತ ಎಷ್ಟು ಮುಂದೆ ತಂದು ನಿಲ್ಲಿಸಬಹುದು? ಮಹಾಭಾರತದ ಆದಿಪರ್ವದಲ್ಲಿ ಈ ಪ್ರಶ್ನೆಗೆ ಒಬ್ಬ ತಂದೆಯ ಮುಖವಿದೆ. ಶ್ರೀಮಂತರ ಮಕ್ಕಳು ಹಾಲು ಕುಡಿಯುವುದನ್ನು ಕಂಡು ಅಶ್ವತ್ಥಾಮ ಅತ್ತ. ದ್ರೋಣ ಹಸುವಿಗಾಗಿ ಅಲೆದ, ಸಿಗಲಿಲ್ಲ. ಜೊತೆಯ ಹುಡುಗರು ಹಿಟ್ಟು ಕಲಸಿದ ನೀರು ಕೊಟ್ಟರೆ ಅದನ್ನೇ ಹಾಲೆಂದು ಕುಡಿದು ಮಗು ಕುಣಿಯಿತು. ಅದನ್ನು ತಾಳಲಾರದೆ ದ್ರೋಣ ಗೆಳೆಯ ದ್ರುಪದನ ಬಳಿ ಹೋದ, ಅಲ್ಲಿ ಅವಮಾನವಾಯಿತು. ಕೊನೆಗೆ ಹಸ್ತಿನಾವತಿಯಲ್ಲಿ ರಾಜಕುಮಾರರ ಗುರುವಾಗಿ ಕೆಲಸ ಹಿಡಿದ. ಮಗುವಿನ ಹಾಲಿಗಾಗಿ ಊರು ಬಿಟ್ಟ ಅಪ್ಪ ಅವನು. ಕೆಲಸ ಸಿಕ್ಕ ಮೇಲೆ ಅವನು ಮಾಡಿದ್ದನ್ನು ಜನ ಅಷ್ಟಾಗಿ ನೆನಪಿಡುವುದಿಲ್ಲ. ನೀರು ತರಲು ಶಿಷ್ಯರಿಗೆಲ್ಲ ಕಿರುಬಾಯಿಯ ಕಮಂಡಲು ಕೊಟ್ಟು, ಮಗನಿಗೆ ಮಾತ್ರ ಅಗಲಬಾಯಿಯ ಕೊಡ ಕೊಟ್ಟ. ಮಗನ ಕೊಡ ಬೇಗ ತುಂಬುತ್ತಿತ್ತು. ಉಳಿದವರು ಬರುವಷ್ಟರಲ್ಲಿ ಅವನಿಗೊಂದು ಪಾಠ ಹೆಚ್ಚಾಗಿರುತ್ತಿತ್ತು. ಗುಟ್ಟು ತಿಳಿದ ಅರ್ಜುನ ವಾರುಣಾಸ್ತ್ರದಿಂದ ಕಮಂಡಲು ತುಂಬಿಸಿ ಅವನ ಜೊತೆಗೇ ಬಂದು ನಿಂತ.

ಕತೆಯ ಮೊದಲರ್ಧದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ, ಎರಡನೆಯ ಅರ್ಧದಲ್ಲಿ ಏನೋ ಕಸಿವಿಸಿ. ಎರಡರಲ್ಲೂ ಇರುವುದು ಒಂದೇ ಮಮಕಾರ. ಹಾಲು ಮಗುವಿಗೆ ಇರಲೇಬೇಕಾದದ್ದು. ಒಬ್ಬನಿಗೆ ಸಿಕ್ಕರೆ ಇನ್ನೊಬ್ಬನದು ಕಡಿಮೆಯಾಗಬೇಕೆಂದಿಲ್ಲ. ಕೊಡದ ಬೆಲೆ ಇರುವುದು ಮಾತ್ರ ಬೇರೆಯವರ ಕಮಂಡಲುವಿನ ಬಾಯಿ ಕಿರಿದಾಗಿರುವುದರಲ್ಲಿ.

ಪಶ್ಚಿಮದ ಚಿಂತಕರು ಇದೇ ಗೆರೆಯನ್ನು ಬೇರೆ ಮಾತಿನಲ್ಲಿ ಎಳೆದಿದ್ದಾರೆ. ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಆಳುವ ವರ್ಗಕ್ಕೆ ಸ್ವಂತ ಮಕ್ಕಳೇ ಬೇಡ, ಎಲ್ಲ ಮಕ್ಕಳೂ ಎಲ್ಲರವು ಎಂದ. ಎಲ್ಲರದ್ದಾದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದು ಅರಿಸ್ಟಾಟಲ್ ಅದನ್ನು ತಳ್ಳಿಹಾಕಿದ; ಆದರೆ ಶಿಕ್ಷಣ ಮಾತ್ರ ಮನೆಮನೆಯ ಖಾಸಗಿ ವ್ಯವಹಾರವಾಗದೆ ಎಲ್ಲ ನಾಗರಿಕರಿಗೂ ಒಂದೇ ಆಗಿರಬೇಕೆಂದು ಅವನೂ ವಾದಿಸಿದ. ಫ್ರೆಡ್ ಹರ್ಷ್ 1976ರ ತಮ್ಮ ಪುಸ್ತಕದಲ್ಲಿ, ಇತರರ ಬಳಿ ಎಷ್ಟಿದೆ ಎಂಬುದರ ಮೇಲೆಯೇ ಬೆಲೆ ನಿಲ್ಲುವ ವಸ್ತುಗಳನ್ನು ಬೇರೆಯಾಗಿ ಗುರುತಿಸಿದರು. ಎಲ್ಲರೂ ತುದಿಗಾಲಲ್ಲಿ ನಿಂತರೆ ಯಾರಿಗೂ ಹೆಚ್ಚು ಕಾಣುವುದಿಲ್ಲ ಎಂಬುದು ಅವರ ಹೋಲಿಕೆ. ಹ್ಯಾರಿ ಬ್ರಿಗ್‌ಹೌಸ್ ಮತ್ತು ಆ್ಯಡಂ ಸ್ವಿಫ್ಟ್ 2014ರಲ್ಲಿ ಬರೆದದ್ದು ದುಬೈಯ ಪೋಷಕರಿಗೆ ಇನ್ನೂ ಹತ್ತಿರದ್ದು. ಮಲಗುವ ಮುನ್ನ ಕತೆ ಓದಿ ಹೇಳುವುದರಿಂದಲೂ ಮಗು ಇತರರಿಗಿಂತ ಮುಂದೆ ಹೋಗುತ್ತದೆ, ಆದರೆ ಆ ಓದು ತಂದೆತಾಯಿ ಮತ್ತು ಮಗುವಿನ ಸಂಬಂಧದ ಭಾಗವೇ ಆಗಿದೆ, ಅದನ್ನು ಮುಟ್ಟಬಾರದು. ದುಬಾರಿ ಶಾಲೆಯ ಫೀಸು ಕಟ್ಟುವುದಕ್ಕೆ ಆ ರಕ್ಷಣೆ ಇಲ್ಲ. ಬ್ಯಾಂಕಿನಿಂದ ಹಣ ಕಳಿಸುವುದಕ್ಕೆ ಅಕ್ಕರೆಯ ಸಲುಗೆ ಬೇಕಾಗಿಲ್ಲ.

ಈ ವಾದ ಹುಟ್ಟಿದ್ದು ಸರ್ಕಾರಿ ಶಾಲೆಯೆಂಬ ಇನ್ನೊಂದು ಬಾಗಿಲು ಎದುರಿಗೇ ತೆರೆದಿರುವ ಬ್ರಿಟನ್ನಿನಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ದುಬೈಯಲ್ಲಿ ಆ ಬಾಗಿಲಿಲ್ಲ. ಸ್ವಿಫ್ಟ್ ತಾವೇ 2003ರಲ್ಲಿ ಬರೆದ ಪುಸ್ತಕವೊಂದರಲ್ಲಿ, ಕೈಗೆ ಸಿಗುವ ಸರ್ಕಾರಿ ಶಾಲೆ 'ಸಾಕು' ಎನ್ನುವ ಮಟ್ಟಕ್ಕಿಂತ ಕೆಳಗಿದ್ದರೆ ತಂದೆತಾಯಿ ಖಾಸಗಿಗೆ ಹೋಗುವುದು ತಪ್ಪಲ್ಲ ಎಂದು ಒಪ್ಪಿದ್ದರು. ಸರ್ಕಾರಿ ಶಾಲೆಯೇ ಕೈಗೆಟುಕದಿದ್ದಲ್ಲಿ ಒಪ್ಪಿಗೆ ಇನ್ನೂ ಗಟ್ಟಿ. ಆದ್ದರಿಂದ ಗಲ್ಫ್‌ನ ಪೋಷಕರನ್ನು ಖಾಸಗಿ ಶಾಲೆ ಆರಿಸಿದ್ದಕ್ಕೆ ದೂರುವುದು ಅರ್ಥವಿಲ್ಲದ ಮಾತು. ಯಾವ ಖಾಸಗಿ, ಏತಕ್ಕಾಗಿ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಬಸ್ಸು ಹತ್ತಿರ ಬರುತ್ತದೆ, ಕ್ಲಾಸಿನಲ್ಲಿ ಮಕ್ಕಳು ಕಿಕ್ಕಿರಿದಿಲ್ಲ, ಟೀಚರು ವರ್ಷವಿಡೀ ಉಳಿಯುತ್ತಾರೆ ಎಂದು ಒಂದು ಶಾಲೆ ಆರಿಸಿದರೆ ಅದು ಹಾಲು. ದರ್ಜೆಯ ಹೆಸರಿಗಾಗಿ, ಆಫೀಸಿನಲ್ಲಿ ಹೇಳಿಕೊಳ್ಳಲಿಕ್ಕಾಗಿ ಎರಡರಷ್ಟು ಫೀಸು ಕಟ್ಟಿದರೆ ಅದು ಕೊಡ.

ಪರದೇಶದಲ್ಲಿರುವವರಿಗೆ 'ಒಳ್ಳೆಯ ಶಾಲೆ' ಎಂದರೆ ಎಲ್ಲಿಗೆ ಒಳ್ಳೆಯದು ಎಂಬ ತೊಡಕೂ ಇದೆ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಭಾರತೀಯರ ಮಗು ಆ ದೇಶದ ಪ್ರಜೆಯಾಗುವುದಿಲ್ಲ. ಸಿಬಿಎಸ್‌ಇ ಆದರೆ ಮಂಗಳೂರಿಗೋ ಬೆಂಗಳೂರಿಗೋ ಮರಳಿ ಸೇರುವುದು ಸುಲಭ. ಸುರತ್ಕಲ್ಲಿನ ಎನ್‌ಐಟಿ ಸೇರಿದಂತೆ ಎನ್‌ಐಟಿಗಳಲ್ಲಿ ಗಲ್ಫ್ ನೌಕರರ ಮಕ್ಕಳಿಗೆಂದೇ ಕೆಲವು ಸೀಟುಗಳಿವೆ. ಬ್ರಿಟಿಷ್ ಪಠ್ಯಕ್ರಮ ಲಂಡನ್ನಿನ ಕಡೆಗೆ ಮುಖಮಾಡಿಸುತ್ತದೆ. ಎರಡನೆಯದನ್ನು ಆರಿಸಿದವರು ಮಗು ಯಾವ ಊರಿನದಾಗಬೇಕು ಎಂಬುದನ್ನೂ ನಾಲ್ಕನೆಯ ವಯಸ್ಸಿಗೇ ಅರ್ಧ ತೀರ್ಮಾನಿಸಿರುತ್ತಾರೆ, ಹಲವರು ತಮಗೇ ಗೊತ್ತಿಲ್ಲದೆ. ದುಬೈಯ ಕನ್ನಡಿಗರು ವಾರಾಂತ್ಯದಲ್ಲಿ ಉಚಿತವಾಗಿ ನಡೆಸುವ ಕನ್ನಡ ಪಾಠಶಾಲೆ ಈ ತೀರ್ಮಾನವನ್ನು ಸ್ವಲ್ಪ ಸಡಿಲಿಸುತ್ತದೆ. ಅಲ್ಲಿ ದರ್ಜೆಯಿಲ್ಲ, ವೇಯ್ಟಿಂಗ್ ಲಿಸ್ಟಿನ ಪ್ರತಿಷ್ಠೆಯೂ ಇಲ್ಲ. ಒಬ್ಬರ ಮಗು ಅಕ್ಷರ ಕಲಿತರೆ ಇನ್ನೊಬ್ಬರದು ಹಿಂದೆ ಬೀಳುವುದಿಲ್ಲ.

ಶಾಲೆಯ ಗೇಟಿಗೆ ಬರುವ ಮೊದಲೇ ನಡೆದುಹೋಗುವ ಆಯ್ಕೆಯ ಬಗ್ಗೆ ಈ ತತ್ವಶಾಸ್ತ್ರವೆಲ್ಲ ಹೆಚ್ಚೇನೂ ಹೇಳುವುದಿಲ್ಲ. ಯುಎಇಯಲ್ಲಿ ಕುಟುಂಬದ ವೀಸಾ ಮಾಡಿಸಲು 2019ರ ನಿಯಮದಂತೆ ತಿಂಗಳಿಗೆ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ದುಬೈಯ ಸೋನಾಪುರದ ಲೇಬರ್ ಕ್ಯಾಂಪಿನಲ್ಲಿ ಬಂಕ್ ಮಂಚದ ಮೇಲೆ ಮಲಗುವ ಕಟ್ಟಡದ ಕೆಲಸಗಾರನೂ ಪರದೇಶದಲ್ಲಿರುವ ಪೋಷಕನೇ, ಆದರೆ ಸಂಬಳ ಆ ಮಿತಿ ಮುಟ್ಟದೆ ಅವನ ಮಗು ಊರಲ್ಲೇ ಉಳಿದಿದೆ. ಮಲಗುವ ಮುನ್ನ ಕತೆ ಓದುವ ಸಂಬಂಧವನ್ನೇ ಆ ಸಂಬಳ ಕತ್ತರಿಸಿಹಾಕಿದೆ. ಅವನಿಗೆ ಉಳಿದಿರುವುದು ಫೀಸು ಕಳಿಸುವುದೊಂದೇ. ಕುಂದಾಪುರದ ಕಡೆಯ ಯಾವುದೋ ಇಂಗ್ಲಿಷ್ ಮೀಡಿಯಂ ಶಾಲೆಗೆ ತಿಂಗಳು ತಿಂಗಳು ಹೋಗುವ ಆ ಹಣ ಅವನ ಪಾಲಿಗೆ ಅಕ್ಕರೆಯೇ. ಬ್ಯಾಂಕಿನಿಂದ ಹಣ ಕಳಿಸುವುದಕ್ಕೂ ಪ್ರೀತಿಗೂ ನಂಟಿಲ್ಲ ಎಂಬ ವಾದ ಇಲ್ಲಿ ಸೋಲುತ್ತದೆ.

ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯ 26ನೆಯ ವಿಧಿ, ಪ್ರಾಥಮಿಕ ಶಿಕ್ಷಣ ಎಲ್ಲರಿಗೂ ಉಚಿತವಾಗಿರಬೇಕು ಎಂದು ಆರಂಭವಾಗಿ, ಮಗುವಿಗೆ ಎಂಥ ಶಿಕ್ಷಣ ಎಂಬುದನ್ನು ಆರಿಸುವ ಆದ್ಯತೆಯ ಹಕ್ಕು ತಂದೆತಾಯಿಯದು ಎಂದು ಮುಗಿಯುತ್ತದೆ. ದುಬೈಗೆ ಬಂದ ಮಧ್ಯಮವರ್ಗದ ಕುಟುಂಬಕ್ಕೆ ಎರಡನೆಯ ಹಕ್ಕು ಸಿಕ್ಕಿದೆ, ಮೊದಲನೆಯದು ಸಿಕ್ಕಿಲ್ಲ. ಕ್ಯಾಂಪಿನ ಕೆಲಸಗಾರನ ಮಗುವಿಗೆ ಊರಿನ ಸರ್ಕಾರಿ ಶಾಲೆಯಲ್ಲಿ ಮೊದಲನೆಯದು ಇದೆ, ಅವನು ಅದನ್ನು ಬಿಟ್ಟು ಎರಡನೆಯದಕ್ಕಾಗಿ ದುಡಿಯುತ್ತಿದ್ದಾನೆ.