ಬಿಡುವ ಕಾಲ

ಕೆಲಸವನ್ನು ಹಿಡಿಯುವುದಕ್ಕೆ ಮುಹೂರ್ತ ನೋಡುವವರು ಬಹುಮಂದಿ. ಬಿಡುವುದಕ್ಕೆ ನೋಡುವವರು ವಿರಳ. ಶಕ್ತಿ ಕುಂದುವವರೆಗೂ ದುಡಿಯುವುದು ಧರ್ಮವೋ, ಶಕ್ತಿಯಿರುವಾಗಲೇ ನಿಲ್ಲಿಸುವುದು ಧರ್ಮವೋ ಎಂಬ ಪ್ರಶ್ನೆಯು ಅಧಿಕಾರಿಗೂ ಪಂಡಿತನಿಗೂ ಗೃಹಸ್ಥನಿಗೂ ಒಂದು ದಿನ ಎದುರಾಗಿಯೇ ತೀರುವುದು. ದೇಹವನ್ನೇ ಬಂಡವಾಳವಾಗಿಟ್ಟು ಬದುಕುವವರಿಗೆ ಅದು ಯೌವನದಲ್ಲೇ ಎದುರಾಗುತ್ತದೆ. ಆದಕಾರಣ ಅಮೆರಿಕಾ ದೇಶದ ಇಬ್ಬರು ಚೆಂಡಾಟಗಾರರ ವೃತ್ತಿಜೀವನವನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಬಹುದು.

ಆ ದೇಶದವರು ಫುಟ್‌ಬಾಲ್ ಎನ್ನುವ ಆಟವು ನಮ್ಮಲ್ಲಿ ಆ ಹೆಸರಿನಿಂದ ಪ್ರಸಿದ್ಧವಾದುದಲ್ಲ. ಪಕ್ಷಕ್ಕೆ ಹನ್ನೊಂದು ಮಂದಿ, ನೂರು ಗಜದ ಬಯಲು, ಎರಡು ತುದಿಯಲ್ಲೂ ಮೊನೆಯಾದ ಚೆಂಡು. ಅದರಲ್ಲಿ ವೈಡ್ ರಿಸೀವರ್ ಎಂಬವನು ಅಂಚಿನಿಂದ ಓಡಿ, ತನ್ನ ಪಕ್ಷದವನು ದೂರದಿಂದೆಸೆದ ಚೆಂಡನ್ನು ಎದುರಾಳಿಗಳ ನಡುವೆ ಹಿಡಿಯತಕ್ಕವನು. ಕಣ್ಣು ಚೆಂಡಿನ ಮೇಲಿರುವ ಕ್ಷಣದಲ್ಲಿಯೇ ಮೈಮೇಲೆ ಪೆಟ್ಟು ಬೀಳುವುದು.

ಈ ಸ್ಥಾನದಲ್ಲಿ ಜೆರ್ರಿ ರೈಸನಿಗೆ ಸಮಾನರಿಲ್ಲವೆಂದು ಆ ಆಟವನ್ನು ಬಲ್ಲವರಲ್ಲಿ ಅನೇಕರ ಮತ. ಮಿಸಿಸಿಪ್ಪಿ ಸೀಮೆಯ ಹಳ್ಳಿಯಲ್ಲಿ ಗಾರೆಕೆಲಸದವನ ಮಗನಾಗಿ ಬೆಳೆದ ಈತನು, ತಂದೆಯ ಕೆಲಸದಲ್ಲಿ ಎಸೆದ ಇಟ್ಟಿಗೆಗಳನ್ನು ಹಿಡಿದು ಹಿಡಿದು ಕೈ ಪಳಗಿಸಿಕೊಂಡನು. 1985ರಿಂದ 2004ರ ವರೆಗೆ ಇಪ್ಪತ್ತು ಋತುಗಳನ್ನು ಆಡಿ, 1,549 ಸಲ ಚೆಂಡು ಹಿಡಿದು, 22,895 ಗಜಗಳನ್ನು ಗಳಿಸಿದನು. 1997ರಲ್ಲಿ ಮೊಣಕಾಲು ಮುರಿದರೂ ಅದೇ ವರ್ಷ ಬಯಲಿಗೆ ಮರಳಿ ಬಂದು, ಮರಳಿ ಅದನ್ನೇ ಮುರಿದುಕೊಂಡನು. ನಲವತ್ತರ ವಯಸ್ಸಿನಲ್ಲಿಯೂ ಒಂದೇ ಋತುವಿನಲ್ಲಿ ಸಾವಿರ ಗಜಗಳನ್ನು ದಾಟಿದನು. 2005ರಲ್ಲಿ ಡೆನ್ವರ್ ಪಕ್ಷದವರು ಹಿಂದಿನ ಸಾಲಿನ ಸ್ಥಾನವನ್ನು ತೋರಿಸಿದ ಮೇಲೆಯೇ ಬಿಟ್ಟನು.

ಎರಡನೆಯವನು ಕ್ಯಾಲ್ವಿನ್ ಜಾನ್ಸನ್. 2007ರಲ್ಲಿ ಡೆಟ್ರಾಯಿಟ್ ಪಕ್ಷವನ್ನು ಸೇರಿದನು. ಮರುವರ್ಷವೇ ಆ ಪಕ್ಷವು ಹದಿನಾರು ಆಟಗಳಲ್ಲಿ ಹದಿನಾರನ್ನೂ ಸೋತಿತು. 2012ರಲ್ಲಿ ಈತನು 1,964 ಗಜಗಳನ್ನು ಗಳಿಸಿ ರೈಸನ 1995ರ 1,848 ಗಜಗಳ ದಾಖಲೆಯನ್ನು ಮೀರಿದನು. ಅಂದೂ ಪಕ್ಷ ಗೆದ್ದದ್ದು ನಾಲ್ಕೇ ಆಟ. 2016ರ ಮಾರ್ಚಿಯಲ್ಲಿ, ಮೂವತ್ತು ವರ್ಷದವನಾಗಿ, ಕರಾರಿನ ಅವಧಿ ಮುಗಿಯದಿರುವಾಗಲೇ ನಿವೃತ್ತನಾದನು. ದೇಹದ ನೋವೇ ಕಾರಣವೆಂದು ಮುಂದೆ ತಿಳಿಸಿದನು. ಪಕ್ಷಕ್ಕೆ ಪರಮವಿಜಯದ ಆಸೆ ತೋರಲಿಲ್ಲವೆಂಬುದನ್ನೂ ಮರೆಮಾಚಲಿಲ್ಲ. ಮುಂಗಡ ಕೊಟ್ಟ ಹಣದಲ್ಲಿ ಹತ್ತು ಲಕ್ಷ ಡಾಲರಿಗೆ ಕಡಮೆಯಿಲ್ಲದ ಭಾಗವನ್ನು ಸಂಘವು ಅವನಿಂದ ಹಿಂದಕ್ಕೆ ಪಡೆಯಿತು.

ಇಲ್ಲಿ ಪೂರ್ವಪಕ್ಷವು ಬಲವಾಗಿಯೇ ಇದೆ. ಕಾಯಕ್ಲೇಶದ ಭಯದಿಂದ ಕರ್ಮವನ್ನು ಬಿಡುವುದು ರಾಜಸತ್ಯಾಗ, ಅದಕ್ಕೆ ತ್ಯಾಗದ ಫಲವಿಲ್ಲವೆಂದು ಗೀತೆಯ ಹದಿನೆಂಟನೆಯ ಅಧ್ಯಾಯವು ಹೇಳುವುದಷ್ಟೆ. ಆ ಮಾತಿಗೆ ರೈಸನು ಪಾರಾಗುವನು, ಜಾನ್ಸನನು ಸಿಕ್ಕಿಬೀಳುವನು ಎಂದು ತೋರಬಹುದು. ಆದರೆ ಆ ವಿಚಾರವು ಹೊರಟಿರುವುದು ನಿಯತಕರ್ಮವನ್ನು ಕುರಿತು. ಕೂಲಿಗಾಗಿ ಆಡುವ ಆಟವು ನಿಯತಕರ್ಮವಲ್ಲ, ಅದು ಒಪ್ಪಂದ. ಒಪ್ಪಂದ ಮುರಿದವನು ಹಣವನ್ನು ಹಿಂದಿರುಗಿಸಿದರೆ ಋಣ ತೀರಿತು. ತೀರದ ಋಣವೊಂದು ಬೇರೆಯುಂಟು. ತಾನು ಮುಂದೆ ಆಗಲಿರುವ ಮುದುಕನಿಗೂ, ಆ ಮುದುಕನನ್ನು ಸಾಕಬೇಕಾದ ಹೆಂಡಿರು ಮಕ್ಕಳಿಗೂ ಮನುಷ್ಯನು ಸಲ್ಲಿಸಬೇಕಾದುದು ಅದು.

ಯಯಾತಿಯ ಕಥೆ ಸರ್ವವಿದಿತ. ಅವನಿಗೆ ಯೌವನವನ್ನು ಸಾಲ ಕೊಡಲು ಪೂರುವೆಂಬ ಮಗನಿದ್ದನು. ಆಟಗಾರನಿಗೆ ಪೂರುವಿಲ್ಲ. ಅವನು ಸಾಲ ತೆಗೆಯುವುದು ತನ್ನ ಮುಪ್ಪಿನಿಂದಲೇ. ಇಪ್ಪತ್ತೈದರಲ್ಲಿ ಎದುರಾಳಿಗೆ ಡಿಕ್ಕಿ ಹೊಡೆದ ಮೊಣಕಾಲು ಐವತ್ತರಲ್ಲಿ ಮೆಟ್ಟಿಲಿನ ಬಳಿ ಬಡ್ಡಿ ಕೇಳುತ್ತದೆ. ತಲೆಗೆ ಬಿದ್ದ ಪೆಟ್ಟುಗಳು ಮಿದುಳಿನ ರೋಗವಾಗಿ ಪರಿಣಮಿಸುವುದುಂಟೆಂದು ವೈದ್ಯರು ಕಂಡುಹಿಡಿದ ಮೇಲೆ, ಸಾವಿರಾರು ಮಾಜಿ ಆಟಗಾರರು ವ್ಯಾಜ್ಯ ಹೂಡಿ, 2013ರಲ್ಲಿ ಆಟದ ಮಹಾಸಂಘವು ಪರಿಹಾರಕ್ಕೆ ಒಪ್ಪಬೇಕಾಯಿತು. ಅವರಲ್ಲಿ ಬಹಳ ಮಂದಿಗೆ ತಾವು ಪಡೆಯುತ್ತಿದ್ದ ಸಾಲದ ಮೊತ್ತವೇ ತಿಳಿದಿರಲಿಲ್ಲ.

ಹಾಗಾದರೆ ರೈಸನು ಅವಿವೇಕಿಯೋ? ಹಾಗೆನ್ನಲಾಗದು. ಕೆಲಸದ ಮೇಲಣ ಪ್ರೀತಿಯಿಂದ ತನ್ನದನ್ನೇ ವ್ಯಯಮಾಡಿದವನನ್ನು ಲೋಭಿಯೆಂದು ಯಾರೂ ಕರೆಯರು. ಇಪ್ಪತ್ತು ವರ್ಷ ನಿಂತದ್ದರಿಂದ ಒಬ್ಬನು ದೊಡ್ಡವನೆಂದಾಗಲಿ, ಒಂಬತ್ತು ವರ್ಷಕ್ಕೆ ಬಿಟ್ಟದ್ದರಿಂದ ಇನ್ನೊಬ್ಬನು ಚಿಕ್ಕವನೆಂದಾಗಲಿ ಎಣಿಸುವುದು ಗಜಕೋಲಿನಿಂದ ಧರ್ಮವನ್ನು ಅಳೆದಂತೆ. ಬೆಲೆಯನ್ನು ತಿಳಿದು ತೆತ್ತವನಿಗೆ ದೋಷವಿಲ್ಲ. ತಿಳಿದು ತೆರಲಾರೆನೆಂದವನಿಗೂ ದೋಷವಿಲ್ಲ. ದೋಷವಿರುವುದು ಬೆಲೆಯನ್ನು ಬಚ್ಚಿಡುವವರಲ್ಲಿ. ಮೇಲಿನ ಸಾಲಿನಲ್ಲಿ ಕುಳಿತು, ಇನ್ನೊಬ್ಬನ ಮೂಳೆ ತನ್ನ ಸಂತೋಷಕ್ಕಾಗಿಯೇ ಇದೆಯೆಂದು ಭಾವಿಸುವ ಪ್ರೇಕ್ಷಕನಲ್ಲಿಯೂ ಅದರ ಪಾಲು ಉಂಟು.

ಜಾನ್ಸನನಿಗೆ 2021ರಲ್ಲಿ ಆ ಆಟದ ಕೀರ್ತಿಮಂದಿರದಲ್ಲಿ ಸ್ಥಾನ ದೊರೆಯಿತು. ಹಣವನ್ನು ಹಿಂದಕ್ಕೆ ಪಡೆದಿದ್ದ ಡೆಟ್ರಾಯಿಟ್ ಸಂಘವೇ 2024ರಲ್ಲಿ ತನ್ನ ಕ್ರೀಡಾಂಗಣದಲ್ಲಿ ಅವನನ್ನು ಗೌರವಿಸಿತು. ನ್ಯಾಯವಾದ ಲೆಕ್ಕವನ್ನು ಕೇಳುವುದಕ್ಕೆ ದಿನಗಳು ಸಾಕು. ದುಡಿದವನಿಗೆ ದಣಿಯುವ ಹಕ್ಕೂ ಉಂಟೆಂದು ತಿಳಿಯುವುದಕ್ಕೆ ಎಂಟು ವರ್ಷ ಬೇಕಾಯಿತು. ಮನೆಯ ಹಿರಿಯನೊಬ್ಬನು ಇನ್ನು ಸಾಕೆಂದು ಕೈಚೆಲ್ಲಿದಾಗ, ಅಷ್ಟು ಕಾಲ ಕಾಯದೆ ಆ ಮಾತನ್ನು ಮನ್ನಿಸುವುದು ಮನೆಯವರಿಗೆ ಶ್ರೇಯಸ್ಕರ.